ಸೂಜಿ ಚಿಕಿತ್ಸೆ: ಫಲವೆಷ್ಟು, ಮಿತಿಯೆಲ್ಲಿ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಹೊಲದಿಂದ ಬಂದವನ ಅಂಗಾಲಿನಲ್ಲಿ ಮುರಿದು ಕುಳಿತ ಜಾಲಿಮುಳ್ಳನ್ನು ಇನ್ನೊಂದು ಮುಳ್ಳಿನ ಮೊನೆಯಿಂದ ಮೀಟಿ ತೆಗೆಯುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಕಂಡಿದ್ದೇವೆ. ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಆದರೆ ಮುಳ್ಳೇ ಇಲ್ಲದ ಎಡೆಯಲ್ಲಿ ಮುಳ್ಳು ಚುಚ್ಚಿ, ಮತ್ತೆಲ್ಲಿಯೋ ಇರುವ ನೋವನ್ನು ತೆಗೆಯಬಹುದೆಂದು ಯಾರಾದರೂ ಹೇಳಿದರೆ? ತಲೆನೋವಿಗೆ ಹೆಬ್ಬೆರಳು ತೋರುಬೆರಳುಗಳ ಸಂದಿನಲ್ಲಿ ಒಂದು ಸೂಜಿ, ವಾಕರಿಕೆಗೆ ಮಣಿಕಟ್ಟಿನ ಮೇಲೊಂದು ಸೂಜಿ ಎಂದರೆ ನಂಬುವುದೋ ನಗುವುದೋ ತಿಳಿಯದು. ಅಕ್ಯುಪಂಕ್ಚರ್ ಎಂದು ಜಗತ್ತು ಕರೆಯುವ, ನಾವು ಸೂಜಿ ಚಿಕಿತ್ಸೆ ಎನ್ನಬಹುದಾದ ಚೀನೀ ವೈದ್ಯಪದ್ಧತಿ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಈ ಕುರಿತು ನಾನು ಮಾತನಾಡುತ್ತಿರುವುದು ವೈದ್ಯನಾಗಿ ಅಲ್ಲ. ನಮ್ಮ ಮನೆಗೆ ಈ ಸೂಜಿ ಎರಡು ಸಲ ಬಂದಿತು. ಒಮ್ಮೆ ಅದರಿಂದ ಕೇಡಾಯಿತು, ಇನ್ನೊಮ್ಮೆ ಒಳಿತಾಯಿತು. ಎರಡು ಸಲವೂ ಸೂಜಿ ಮಾಡಿದ ಕೆಲಸ ಒಂದೇ ಆಗಿತ್ತು ಎಂಬುದು ನನಗೆ ಬಹಳ ಕಾಲದ ಮೇಲೆ ಹೊಳೆಯಿತು. ಆ ಒಗಟನ್ನು ಬಿಡಿಸಿಕೊಳ್ಳಲೆಂದೇ ನಾನು ಇದರ ಚರಿತ್ರೆಯನ್ನೂ ಇದರ ಮೇಲೆ ನಡೆದ ಪರೀಕ್ಷೆಗಳನ್ನೂ ಓದಲಾರಂಭಿಸಿದೆ. ಓದಿ ತಿಳಿದುದನ್ನೂ ಅನುಭವಿಸಿ ತಿಳಿದುದನ್ನೂ ತಮ್ಮ ಮುಂದೆ ಇಡುತ್ತೇನೆ.

ಈ ವಿದ್ಯೆಯ ತವರು ಚೀನಾ. ಕ್ರಿಸ್ತಪೂರ್ವ ಎರಡನೆಯ ಅಥವಾ ಒಂದನೆಯ ಶತಮಾನದಲ್ಲಿ ಸಂಕಲನಗೊಂಡಿತೆಂದು ವಿದ್ವಾಂಸರು ಎಣಿಸುವ ‘ಹುವಾಂಗ್‌ಡಿ ನೈಜಿಂಗ್’ ಎಂಬ ವೈದ್ಯಗ್ರಂಥದಲ್ಲಿ ಇದರ ಸಿದ್ಧಾಂತ ವಿಸ್ತಾರವಾಗಿ ಬರುತ್ತದೆ. ಗ್ರಂಥ ಸಂವಾದರೂಪದಲ್ಲಿದೆ. ಪೀತ ಸಾಮ್ರಾಟನೆಂಬ ಪುರಾಣಪುರುಷ ಪ್ರಶ್ನೆ ಕೇಳುತ್ತಾನೆ, ಅವನ ಆಸ್ಥಾನದ ವೈದ್ಯರು ಉತ್ತರ ಹೇಳುತ್ತಾರೆ. ನಮ್ಮ ಶಾಸ್ತ್ರಗ್ರಂಥಗಳ ಗುರುಶಿಷ್ಯ ಸಂವಾದವನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. 1968ರಲ್ಲಿ ಉತ್ತರ ಚೀನಾದ ಮಾನ್‌ಚೆಂಗ್ ಎಂಬಲ್ಲಿ ಕ್ರಿಸ್ತಪೂರ್ವ 113ರಲ್ಲಿ ತೀರಿಕೊಂಡ ಲಿಯು ಷೆಂಗ್ ಎಂಬ ರಾಜಕುಮಾರನ ಗೋರಿಯನ್ನು ತೆರೆದಾಗ ಅದರೊಳಗೆ ಬಂಗಾರದ ಮತ್ತು ಬೆಳ್ಳಿಯ ಸೂಜಿಗಳು ದೊರೆತವು. ಆದರೆ ಅದಕ್ಕಿಂತ ಅರ್ಧ ಶತಮಾನ ಹಿಂದಿನ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಮಾವಾಂಗ್‌ಡುಯಿಯ ಗೋರಿಯಲ್ಲಿ ಸಿಕ್ಕ ರೇಷ್ಮೆಯ ಹಸ್ತಪ್ರತಿಗಳಲ್ಲಿ ದೇಹದ ಮಾರ್ಗಗಳ ವರ್ಣನೆಯಿದೆ, ಬಿಸಿ ಕೊಡುವ ಚಿಕಿತ್ಸೆಯ ಮಾತಿದೆ, ಸೂಜಿಯ ಮಾತಿಲ್ಲ. ಆದ್ದರಿಂದ ಇದು ಐದು ಸಾವಿರ ವರ್ಷಗಳ ವಿದ್ಯೆಯೆಂದು ಜಾಹೀರಾತುಗಳು ಹೇಳುವುದನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಎರಡು ಸಾವಿರ ವರ್ಷವೆಂದರೂ ಸಾಲದೇ?

ಬಿಸಿಯ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚೀನೀ ಭಾಷೆಯಲ್ಲಿ ಈ ಚಿಕಿತ್ಸೆಯ ಹೆಸರೇ ಸೂಜಿ ಮತ್ತು ಶಾಖ ಎಂಬ ಜೋಡಿಪದ. ನಮ್ಮ ದವನ, ಮಾಚಿಪತ್ರೆಗಳ ಬಳಗಕ್ಕೆ ಸೇರಿದ ಒಂದು ಗಿಡದ ಎಲೆಯನ್ನು ಒಣಗಿಸಿ, ಕುಟ್ಟಿ, ಹತ್ತಿಯಂತೆ ಮಾಡಿ, ಬತ್ತಿ ಸುತ್ತಿ, ಅದರ ತುದಿಗೆ ಕಿಚ್ಚು ತಾಗಿಸಿ ಚರ್ಮದ ಸಮೀಪ ಹಿಡಿಯುತ್ತಾರೆ. ಇದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬರೆ ಹಾಕುತ್ತಿದ್ದ ಕ್ರೂರ ಪದ್ಧತಿಯಂತಲ್ಲ. ಇಂದು ಇದನ್ನು ಮಾಡುವವರು ಚರ್ಮ ಸುಡದಂತೆ ಬೆಚ್ಚಗಾಗಿಸುತ್ತಾರೆ, ಅಷ್ಟೆ.

ಸಿದ್ಧಾಂತವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ದೇಹದಲ್ಲಿ ಒಂದು ಚೈತನ್ಯ ಹರಿಯುತ್ತಿರುತ್ತದೆ. ಚೀನೀಯರು ಅದನ್ನು ‘ಛೀ’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ತಿರಸ್ಕಾರದ ಮಾತಿನಂತೆ ಕೇಳಿಸಿದರೂ ಅವರ ಪಾಲಿಗೆ ಅದು ಪ್ರಾಣವೇ ಸರಿ. ಅದು ಹರಿಯುವ ಕಾಲುವೆಗಳಿವೆ, ಕಾಲುವೆಗಳ ಮೇಲೆ ಅಲ್ಲಲ್ಲಿ ತೂಬುಗಳಂಥ ಬಿಂದುಗಳಿವೆ. ಹರಿವು ಎಲ್ಲಿಯಾದರೂ ಕಟ್ಟಿಕೊಂಡರೆ ನೋವು, ರೋಗ. ತಕ್ಕ ಬಿಂದುವಿನಲ್ಲಿ ಸೂಜಿಯಿಟ್ಟರೆ ಕಟ್ಟು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬೇರೆಬೇರೆ ದೇಶಗಳ ಹೆಸರುಗಳ ಗೊಂದಲವನ್ನು ತಪ್ಪಿಸಲೆಂದು ಒಪ್ಪಿಕೊಂಡಿರುವ ಪಟ್ಟಿಯಲ್ಲಿ ಇಂಥ ಬಿಂದುಗಳು 361.

ಇದನ್ನು ಕೇಳಿದೊಡನೆ ಇದೆಲ್ಲ ನಮ್ಮ ಸುಶ್ರುತನಲ್ಲಿಯೇ ಇದೆ, ಅವನು ಹೇಳಿದ 107 ಮರ್ಮಸ್ಥಾನಗಳೇ ಇವು ಎನ್ನುವ ಮಿತ್ರರುಂಟು. ಅಭಿಮಾನ ಒಳ್ಳೆಯದೇ. ಆದರೆ ಸುಶ್ರುತ ಮರ್ಮಗಳನ್ನು ಎಣಿಸಿದ್ದು ಶಸ್ತ್ರ ತಾಗಬಾರದ ಜಾಗಗಳೆಂದು. ಅಲ್ಲಿ ಗಾಯವಾದರೆ ಪ್ರಾಣಕ್ಕೆ ಅಪಾಯ ಎಂಬುದು ಅವನ ಎಚ್ಚರಿಕೆ. ಒಬ್ಬನು ಚುಚ್ಚಬೇಡವೆಂದದ್ದನ್ನೂ ಇನ್ನೊಬ್ಬನು ಚುಚ್ಚು ಎಂದದ್ದನ್ನೂ ಒಂದೇ ಎನ್ನಲಾದೀತೇ?

ಬಿಂದುಗಳನ್ನು ಕಲಿಸುವುದಕ್ಕೆ ಚೀನೀಯರು ಕಂಡುಕೊಂಡ ಉಪಾಯ ಸೊಗಸಾದದ್ದು. ಸೋಂಗ್ ಅರಸರ ಕಾಲದಲ್ಲಿ, ಸುಮಾರು 1027ರಲ್ಲಿ, ವಾಂಗ್ ವೈಯಿ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಆಳೆತ್ತರದ ಕಂಚಿನ ಪುರುಷರನ್ನು ಎರಕ ಹೊಯ್ದರು. ಬಿಂದು ಇರುವಲ್ಲೆಲ್ಲ ಸಣ್ಣ ರಂಧ್ರ. ಪರೀಕ್ಷೆಯ ದಿನ ಬೊಂಬೆಯ ಮೈಗೆಲ್ಲ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ನೀರು ಜಿನುಗುವುದು, ತಪ್ಪಿದರೆ ಕಂಚಿಗೆ ಬಡಿಯುವುದು. ಜಪಾನಿನಲ್ಲಿ ಹದಿನೇಳನೆಯ ಶತಮಾನದಲ್ಲಿದ್ದ ಸುಗಿಯಾಮಾ ವೈಚಿ ಎಂಬ ಕುರುಡ ವೈದ್ಯ ಸೂಜಿಗೆ ಸಣ್ಣ ಕೊಳವೆಯೊಂದನ್ನು ಜೋಡಿಸಿದ. ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸಿ ಸೂಜಿಯ ತಲೆಯನ್ನು ಬೆರಳಿನಿಂದ ತಟ್ಟಿದರೆ ಸೂಜಿ ನೋಯದಂತೆ ಒಳಗಿಳಿಯುತ್ತದೆ. ಕಣ್ಣಿಲ್ಲದವನು ಕಂಡುಕೊಂಡ ಆ ಕೊಳವೆಯನ್ನು ಇಂದಿಗೂ ಜಗತ್ತಿನೆಲ್ಲೆಡೆ ಕಣ್ಣಿರುವವರು ಬಳಸುತ್ತಾರೆ.

ಹಾಗೆಂದು ಸೂಜಿಗೆ ಅದರ ತವರಿನಲ್ಲಿ ಯಾವಾಗಲೂ ಮನ್ನಣೆಯಿತ್ತೆಂದು ತಿಳಿಯಬಾರದು. 1822ರಲ್ಲಿ ಚೀನಾದ ಚಕ್ರವರ್ತಿಯೇ ರಾಜವೈದ್ಯಶಾಲೆಯಲ್ಲಿ ಇದರ ಬೋಧನೆಯನ್ನು ನಿಲ್ಲಿಸಿದ. ಮರಳಿ ಸರ್ಕಾರದ ಆಶ್ರಯ ದೊರೆತದ್ದು 1949ರ ಕ್ರಾಂತಿಯ ಅನಂತರ. ಅಪಾರ ಜನಸಂಖ್ಯೆಯ ಬಡದೇಶದಲ್ಲಿ ಅಲೋಪತಿಯ ವೈದ್ಯರು ಸಾಲದಿದ್ದಾಗ ಅಗ್ಗದ ಸೂಜಿಯ ನೆನಪಾದದ್ದು ಸಹಜವೇ.

ನಮ್ಮ ದೇಶಕ್ಕೆ ಇದು ಬಂದ ದಾರಿಯಲ್ಲಿ ಒಂದು ಮಾನವೀಯ ಕಥೆಯಿದೆ. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳಿಸಿತು. ಅವರಲ್ಲೊಬ್ಬರು ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು. ಅವರು 1942ರಲ್ಲಿ, ಇನ್ನೂ ಮೂವತ್ತೆರಡರ ಹರೆಯದಲ್ಲಿ, ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿಜಯಕುಮಾರ ಬಸು ಸ್ವದೇಶಕ್ಕೆ ಮರಳಿದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋದಾಗ ಈ ವಿದ್ಯೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಪಶ್ಚಿಮ ಬಂಗಾಳದ ಸರ್ಕಾರ 1996ರಲ್ಲಿ ಇದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿದ್ದರ ಹಿಂದೆ ಆ ಪರಂಪರೆ ಇದೆ.

ಪಶ್ಚಿಮದ ದೇಶಗಳಲ್ಲಿ ಇದರ ಹುಚ್ಚೆಬ್ಬಿಸಿದ್ದು ಒಂದು ಪತ್ರಿಕಾ ಲೇಖನ. 1971ರ ಜುಲೈಯಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಹೆಸರಾಂತ ಪತ್ರಕರ್ತ ಪೀಕಿಂಗಿನಲ್ಲಿದ್ದಾಗ ಕರುಳಬಾಲದ ಉರಿಯೂತವಾಗಿ ಅಲ್ಲಿಯೇ ಶಸ್ತ್ರಚಿಕಿತ್ಸೆಯಾಯಿತು. ಅದಾದ ಎರಡನೆಯ ರಾತ್ರಿ ಹೊಟ್ಟೆಯುಬ್ಬರದ ಯಾತನೆಗೆ ಮೊಣಕೈಯಲ್ಲೂ ಮಂಡಿಯ ಕೆಳಗೂ ಸೂಜಿಯಿಟ್ಟು ಶಾಖ ಕೊಟ್ಟರು, ಸ್ವಲ್ಪ ಹೊತ್ತಿನಲ್ಲಿ ಹಾಯೆನಿಸಿತು ಎಂದು ಅವನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದ. ಅವನ ಹೊಟ್ಟೆ ಕೊಯ್ದದ್ದು ಮಾಮೂಲಿನಂತೆ ಮರಗಟ್ಟಿಸುವ ಔಷಧ ಚುಚ್ಚಿಯೇ. ಆದರೆ ಸುದ್ದಿ ಬಾಯಿಂದ ಬಾಯಿಗೆ ಹರಡುವಾಗ ಸೂಜಿಯಿಂದಲೇ ಮರಗಟ್ಟಿಸಿ ಹೊಟ್ಟೆ ಕೊಯ್ದರಂತೆ ಎಂದು ಬೆಳೆಯಿತು. ಈ ಚಿಕಿತ್ಸೆಯ ವಿಷಯದಲ್ಲಿ ಇದೊಂದು ಪಾಠ. ನಡೆದದ್ದು ಸಣ್ಣದು, ಆದರೂ ನಿಜವಾದದ್ದು. ಹಬ್ಬಿದ್ದು ದೊಡ್ಡದು, ಆದರೆ ಸುಳ್ಳು.

ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ದೇಹವನ್ನು ಎಷ್ಟು ಬಗೆದು ನೋಡಿದರೂ ಛೀ ಹರಿಯುವ ಕಾಲುವೆ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ನೋವಿನ ಸ್ವರೂಪದ ಬಗ್ಗೆ ಹೊಸ ತಿಳಿವು ಬಂದಿತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು, ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಬಾಗಿಲಿನಂಥ ಒಂದು ಏರ್ಪಾಡಿದೆ, ಬೇರೆ ಸ್ಪರ್ಶದ ಸುದ್ದಿ ನುಗ್ಗಿದರೆ ಆ ಬಾಗಿಲು ನೋವಿಗೆ ಅರೆಮುಚ್ಚಿಕೊಳ್ಳುತ್ತದೆ ಎಂಬ ವಾದವನ್ನು ಮಂಡಿಸಿದರು. ಮೊಣಕೈ ಬಾಗಿಲಿಗೆ ಬಡಿದಾಗ ನಾವು ತಿಳಿಯದೆಯೇ ಆ ಜಾಗವನ್ನು ತಿಕ್ಕಿಕೊಳ್ಳುತ್ತೇವಲ್ಲ, ಅದು ಈ ಬಾಗಿಲನ್ನು ಮುಚ್ಚುವ ಯತ್ನವೇ ಇರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಎಂಬ ವಿಜ್ಞಾನಿಗಳು ಮಿದುಳು ತಾನಾಗಿಯೇ ತಯಾರಿಸುವ ಅಫೀಮಿನಂಥ ವಸ್ತುಗಳನ್ನು ಕಂಡುಹಿಡಿದರು. ಸೂಜಿ ಚುಚ್ಚಿದಾಗ ಇವೇ ಒಸರುತ್ತವೆಯೇ ಎಂಬ ಪ್ರಶ್ನೆ ಎದ್ದಿತು. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೂಜಿಯಿಂದ ತಗ್ಗಿದ್ದ ಹಲ್ಲುನೋವು, ಅಫೀಮಿನ ಕೆಲಸವನ್ನು ತಡೆಯುವ ಔಷಧವನ್ನು ಕೊಟ್ಟೊಡನೆ ಮರಳಿತು. ಮುಂದಿನ ಪ್ರಯೋಗಗಳೆಲ್ಲವೂ ಒಂದೇ ಉತ್ತರ ಕೊಡಲಿಲ್ಲವಾದರೂ ಸೂಜಿ ನರಮಂಡಲವನ್ನು ಮುಟ್ಟಿ ಎಬ್ಬಿಸುತ್ತದೆಂಬುದರಲ್ಲಿ ಸಂದೇಹ ಉಳಿದಿಲ್ಲ.

ಆದರೂ ಮುಖ್ಯ ಪ್ರಶ್ನೆ ಹಾಗೆಯೇ ಇತ್ತು. ಗುಣ ಸೂಜಿಯದೋ, ನಂಬಿಕೆಯದೋ? ಮಾತ್ರೆಯಾದರೆ ಸಕ್ಕರೆಯ ಮಾತ್ರೆಯೊಡನೆ ಹೋಲಿಸಿ ನೋಡಬಹುದು. ಸುಳ್ಳು ಸೂಜಿ ಎಂಬುದುಂಟೇ? 1998ರಲ್ಲಿ ಜರ್ಮನಿಯ ಸಂಶೋಧಕರು ಅದನ್ನೂ ಮಾಡಿದರು. ಕಂಪನಿ ನಾಟಕದಲ್ಲಿ ಖಳನಾಯಕ ಇರಿಯುವ ಕಠಾರಿಯ ಅಲಗು ಹಿಡಿಯೊಳಗೆ ಸರಿದುಹೋಗುತ್ತದಲ್ಲ, ಅದೇ ಉಪಾಯ. ಮೊಂಡಾದ ಸೂಜಿ ಚರ್ಮವನ್ನು ಮುಟ್ಟಿ ತನ್ನ ಹಿಡಿಯೊಳಕ್ಕೆ ಜಾರುತ್ತದೆ. ರೋಗಿ ಮಾತ್ರ ಚುಚ್ಚಿದರೆಂದೇ ತಿಳಿಯುತ್ತಾನೆ.

ಇಂಥ ಹೋಲಿಕೆಯ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಅದರಲ್ಲಿ ಸುಳ್ಳು ಸೂಜಿಯೆಂದರೆ ಬಿಂದುಗಳಲ್ಲದ ಕಡೆ ಮೇಲೆಮೇಲೆ ಚುಚ್ಚುವುದು. 2007ರಲ್ಲಿ ಪ್ರಕಟವಾದ ಈ ಜರ್ಮನ್ ಪರೀಕ್ಷೆಯಲ್ಲಿ ಬಹುಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಸೂಜಿ, ಒಂದಕ್ಕೆ ಸುಳ್ಳು ಸೂಜಿ, ಮೂರನೆಯದಕ್ಕೆ ಮಾಮೂಲು ಮಾತ್ರೆ ಮತ್ತು ವ್ಯಾಯಾಮ. ಆರು ತಿಂಗಳ ಬಳಿಕ ಎಣಿಸಿದಾಗ ಗುಣ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4. ಈ ಮೂರು ಅಂಕೆಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಸೂಜಿಯ ಭಕ್ತನಿಗೂ ಅದರ ವೈರಿಗೂ ಇದರಲ್ಲಿ ಸೋಲಿದೆ. ಸೂಜಿಯಿಂದ ಲಾಭವೇ ಇಲ್ಲವೆನ್ನುವವನು ಮೊದಲನೆಯ ಮತ್ತು ಮೂರನೆಯ ಅಂಕೆಗಳಿಗೆ ಉತ್ತರ ಹೇಳಬೇಕು. 361 ಬಿಂದುಗಳಲ್ಲಿ ಕೂದಲೆಳೆಯಷ್ಟೂ ತಪ್ಪಕೂಡದೆನ್ನುವವನು ಮೊದಲನೆಯ ಮತ್ತು ಎರಡನೆಯ ಅಂಕೆಗಳಿಗೆ ಉತ್ತರ ಹೇಳಬೇಕು.

ಮುಂದೆ, 2018ರಲ್ಲಿ, ಹಲವು ಪರೀಕ್ಷೆಗಳಿಗೆ ಒಳಗಾದ 20,827 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದವರು, ನಿಜವಾದ ಸೂಜಿ ಸುಳ್ಳು ಸೂಜಿಗಿಂತ ಸ್ವಲ್ಪ ಮೇಲು, ಸೂಜಿಯೇ ಇಲ್ಲದಿರುವುದಕ್ಕಿಂತ ಸಾಕಷ್ಟು ಮೇಲು ಎಂದು ಕಂಡರು. ಬಂದ ಗುಣದ ಬಹುಭಾಗ ಒಂದು ವರ್ಷದ ಅನಂತರವೂ ಉಳಿದಿತ್ತು. ಬೆನ್ನು, ಕತ್ತು ಮತ್ತು ಭುಜದ ಹಳೆಯ ನೋವು, ಮಂಡಿಯ ಸವೆತ, ಪದೇಪದೇ ಬರುವ ತಲೆನೋವು ಇವು ಅವರು ಪರಿಶೀಲಿಸಿದ ಬಾಧೆಗಳು. ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಕರಿಕೆಗೆ ಮಣಿಕಟ್ಟಿನ ಬಿಂದು ಉಪಕಾರಿಯೆಂಬುದಕ್ಕೂ ಒಳ್ಳೆಯ ಆಧಾರಗಳಿವೆ. ಆದರೂ ಪಂಡಿತರಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ಸಂಸ್ಥೆಯೇ 2009ರಲ್ಲಿ ಸೊಂಟನೋವಿಗೆ ಸೂಜಿ ಆಗಬಹುದೆಂದಿತು, 2016ರಲ್ಲಿ ಬೇಡವೆಂದಿತು, 2021ರಲ್ಲಿ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಆಗಬಹುದೆಂದಿತು. ಸಕ್ಕರೆಕಾಯಿಲೆ, ಕ್ಯಾನ್ಸರ್, ಸೋಂಕುರೋಗ ಇವುಗಳನ್ನು ಸೂಜಿಯಿಂದ ವಾಸಿಮಾಡುತ್ತೇವೆ ಎನ್ನುವವರಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಅಕ್ಕನಿಗೆ ಬೆನ್ನುನೋವು ಬಂದಿತು. ಮನೆಯ ಕೆಲಸವೆಲ್ಲ ಅವಳ ಮೈಮೇಲೆಯೇ ಇತ್ತಾದ್ದರಿಂದ ಬಾಗಿ ಏಳುವವರಿಗೆ ಇದು ಇದ್ದದ್ದೇ ಎಂದುಕೊಂಡೆವು. ಯಾರೋ ಹೇಳಿದರೆಂದು ಸೂಜಿ ಚುಚ್ಚುವವರೊಬ್ಬರ ಬಳಿಗೆ ಕರೆದೊಯ್ದವನು ನಾನೇ. ಮೂರನೆಯ ಸಲಕ್ಕೇ ನೋವು ತಗ್ಗಿತು. ಅಕ್ಕ ನಗುನಗುತ್ತ ಮನೆಗೆ ಬಂದಳು. ಮತ್ತೆ ನೋವು ಬಂದಾಗ ಮತ್ತೆ ಹೋದೆವು, ಮತ್ತೆ ತಗ್ಗಿತು. ಹೀಗೆ ನಾಲ್ಕು ತಿಂಗಳು ಕಳೆಯಿತು. ಸಂಜೆಯಾದರೆ ಅವಳ ಮೈ ತುಸು ಬೆಚ್ಚಗಾಗುತ್ತಿತ್ತು, ಬಳೆಗಳು ಮುಂಗೈಯಲ್ಲಿ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ನೋವು ಕಡಿಮೆಯಾಗಿದೆಯಲ್ಲ ಎಂಬ ಸಮಾಧಾನದಲ್ಲಿ ಇದು ಯಾರಿಗೂ ಕಾಣಲಿಲ್ಲ. ಕೊನೆಗೆ ಕಾಲು ಸೋಲತೊಡಗಿದಾಗ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ತೆಗೆದ ವೈದ್ಯರು ಬೆನ್ನುಮೂಳೆಯ ಕ್ಷಯವೆಂದರು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಎಂದು ಅವರು ಆರಂಭಿಸಿದ ವಾಕ್ಯವನ್ನು ಅಕ್ಕನ ಮುಖ ನೋಡಿ ಅಲ್ಲಿಯೇ ನಿಲ್ಲಿಸಿದರು. ಒಂದು ವರ್ಷಕ್ಕೂ ಮಿಕ್ಕಿ ಮಾತ್ರೆ ನುಂಗಿ ಅಕ್ಕ ಗುಣಹೊಂದಿದಳು. ಬೆನ್ನು ಮಾತ್ರ ಬಾಗಿಯೇ ಉಳಿಯಿತು.

ಬಹುಕಾಲ ನಾನು ಸೂಜಿಯ ಹೆಸರೆತ್ತಿದರೆ ಸಿಡುಕುತ್ತಿದ್ದೆ. ಸೂಜಿ ಮೋಸವೆಂದು ನನ್ನ ದೂರು. ಆದರೆ ತಣ್ಣಗೆ ಯೋಚಿಸಿದಾಗ ದೂರು ನಿಲ್ಲಲಿಲ್ಲ. ಸೂಜಿ ಅಕ್ಕನ ನೋವನ್ನು ತಗ್ಗಿಸಿದ್ದು ಸುಳ್ಳಲ್ಲ. ತಗ್ಗಿಸಿದ್ದೇ ಕೇಡಾಯಿತು. ನೋವು ದೇಹದ ಕಾವಲುಗಾರ. ಅವನು ಕೂಗುತ್ತಿದ್ದ. ಯಾಕೆ ಕೂಗುತ್ತಿದ್ದಾನೆಂದು ಕೇಳುವ ಮೊದಲೇ ನಾವು ಅವನ ಬಾಯಿ ಮುಚ್ಚಿಸಿದೆವು.

ಇತ್ತೀಚಿನ ವರ್ಷಗಳಲ್ಲಿ ನನ್ನದೇ ಮಂಡಿ ನೋಯತೊಡಗಿತು. ಈ ಸಲ ಮೊದಲು ಹೋದದ್ದು ಮೂಳೆವೈದ್ಯರ ಬಳಿಗೆ. ಅವರು ಪರೀಕ್ಷಿಸಿ, ಚಿತ್ರ ತೆಗೆಸಿ, ಇದು ವಯಸ್ಸಿನ ಸವೆತ, ಬೇರೇನೂ ಇಲ್ಲ, ತೊಡೆಯ ಸ್ನಾಯುಗಳಿಗೆ ದಿನವೂ ವ್ಯಾಯಾಮ ಮಾಡಿ ಎಂದರು. ನೋವುನಿವಾರಕ ಮಾತ್ರೆಗಳು ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಸೂಜಿ ಆಗಬಹುದೇ ಎಂದು ಸಂಕೋಚದಿಂದ ಕೇಳಿದೆ. “ಕಾವಲುಗಾರ ಏನು ಹೇಳುತ್ತಿದ್ದಾನೆಂದು ಈಗ ತಿಳಿಯಿತಲ್ಲ, ಇನ್ನು ಅವನನ್ನು ಸುಮ್ಮನಿರಿಸಬಹುದು” ಎಂಬರ್ಥದ ಮಾತನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದರು. ತರಬೇತಿ ಪಡೆದ ವೈದ್ಯರೊಬ್ಬರ ಬಳಿಗೆ ಹೋದೆ.

ಹೊಸಬರಿಗೆ ಭಯವಿರುತ್ತದಾದ್ದರಿಂದ ಅಲ್ಲಿ ನಡೆಯುವುದನ್ನು ಬಿಡಿಸಿ ಹೇಳುತ್ತೇನೆ. ಬರಿಹೊಟ್ಟೆಯಲ್ಲಿ ಹೋಗಬಾರದು, ಹೊಟ್ಟೆ ಬಿರಿಯ ಉಂಡೂ ಹೋಗಬಾರದು. ತೋಳೂ ಮಂಡಿಯೂ ಕಾಣುವಂತೆ ಮಡಚಬಹುದಾದ ಸಡಿಲ ಉಡುಪು ಒಳ್ಳೆಯದು. ಮೊದಲ ಸಲ ಮಾತುಕತೆಯೇ ಬಹಳ. ನಿದ್ದೆ, ಹಸಿವು, ಯಾವ ಹೊತ್ತಿನಲ್ಲಿ ನೋವು ಹೆಚ್ಚು, ತಂಪಿನಲ್ಲೋ ಬಿಸಿಲಿನಲ್ಲೋ ಎಲ್ಲವನ್ನೂ ಕೇಳುತ್ತಾರೆ. ನಾಲಗೆ ನೋಡುತ್ತಾರೆ, ಎರಡೂ ಕೈಗಳ ನಾಡಿ ಹಿಡಿಯುತ್ತಾರೆ. ನನ್ನ ಮಂಡಿಯ ಕುರಿತು ಅಷ್ಟು ಹೊತ್ತು ಯಾರೂ ನನ್ನ ಮಾತನ್ನು ಕೇಳಿರಲಿಲ್ಲ.

ಬಳಿಕ ಮಲಗಿಸಿ, ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊಹರು ಮಾಡಿದ ಪೊಟ್ಟಣ ಒಡೆದು ಸೂಜಿ ತೆಗೆಯುತ್ತಾರೆ. ಸೂಜಿಯೆಂದೊಡನೆ ಇಂಜೆಕ್ಷನ್ ನೆನಪಾಗುವುದು ಸಹಜ. ಆದರೆ ಅದು ಟೊಳ್ಳು, ದಪ್ಪ. ಇದು ಗಟ್ಟಿ, ಕೂದಲಿನಂತೆ ಸಣ್ಣದು, ದಪ್ಪ ಸುಮಾರು ಕಾಲು ಮಿಲಿಮೀಟರ್. ಇದರೊಳಗಿಂದ ಯಾವ ಔಷಧವೂ ಮೈಗೆ ಹೋಗುವುದಿಲ್ಲ. ಸುಗಿಯಾಮಾನ ಕೊಳವೆಯಿಟ್ಟು ತಟ್ಟಿದಾಗ ಇರುವೆ ಕಚ್ಚಿದಷ್ಟು ಚುರುಕ್ಕೆಂದಿತು. ಆಮೇಲೆ ಬೆರಳಿನಿಂದ ಮೆಲ್ಲನೆ ಹೊರಳಿಸಿದರು. ಆಗ ಬಂದದ್ದು ನೋವೆನ್ನಲಾಗದು. ಜೋಮು ಹಿಡಿದ ಹಾಗೆ, ಯಾರೋ ಒಳಗಿನಿಂದ ಅದುಮಿದ ಹಾಗೆ, ಭಾರವಾದ ಒಂದು ಅನುಭವ. ಚೀನೀಯರು ಅದನ್ನು ಛೀ ಬಂದಿತು ಎನ್ನುತ್ತಾರೆ. ಮಂಡಿಯ ಸುತ್ತಲೂ ಕಣಕಾಲಿನ ಬಳಿಯೂ ಕೈಯಲ್ಲೂ ಸೇರಿ ಹತ್ತು ಸೂಜಿಗಳನ್ನಿಟ್ಟರು. ಕೆಲವೆಡೆ ಸೂಜಿಗಳಿಗೆ ತಂತಿ ಸಿಕ್ಕಿಸಿ ಸಣ್ಣ ಯಂತ್ರದಿಂದ ಮಂದವಾದ ವಿದ್ಯುತ್ತು ಹಾಯಿಸುವುದೂ ಉಂಟು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಒಪ್ಪಬಾರದು.

ಇಪ್ಪತ್ತರಿಂದ ಮೂವತ್ತು ನಿಮಿಷ ಅಲುಗದೆ ಮಲಗಿರಬೇಕು. ನನಗೆ ನಿದ್ದೆಯೇ ಬಂದಿತು. ಸೂಜಿ ತೆಗೆದದ್ದು ಅಷ್ಟಾಗಿ ತಿಳಿಯಲೇ ಇಲ್ಲ. ಒಂದೆರಡು ಕಡೆ ರಕ್ತದ ಸಣ್ಣ ಹನಿ, ಮರುದಿನ ಒಂದು ನೀಲಿ ಕಲೆ. ಕೆಲವರಿಗೆ ಮೊದಲ ಸಲ ತಲೆ ತಿರುಗಬಹುದು, ಎದ್ದು ಕೂಡಲೆ ನಡೆಯಬಾರದು. ಒಂದು ದಿನ ನೋವು ತುಸು ಹೆಚ್ಚಾಗುವುದೂ ಉಂಟು. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹತ್ತು ಸಲ ಹೋಗುವುದು ವಾಡಿಕೆ. ಐದಾರು ಸಲವಾದರೂ ಯಾವ ಗುಣವೂ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲವೆಂದು ನನಗೆ ಚಿಕಿತ್ಸೆ ಕೊಟ್ಟವರೇ ಹೇಳಿದರು. ಹಾಗೆ ಹೇಳದವರ ಬಳಿಗೆ ಹೋಗದಿರುವುದೇ ಲೇಸು.

ಅಪಾಯವಿಲ್ಲವೇ ಎಂದರೆ, ಕಡಿಮೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 8.6 ಮಂದಿಗೆ ಏನಾದರೊಂದು ತೊಂದರೆಯಾಗಿತ್ತು. ಬಹುಪಾಲು ರಕ್ತದ ಹನಿ, ನೀಲಿ ಕಲೆ, ನೋವು ಇಂಥವೇ. ಆದರೆ ಇಬ್ಬರಿಗೆ ಎದೆಯ ಭಾಗದಲ್ಲಿ ಸೂಜಿ ಆಳವಾಗಿ ಇಳಿದು ಶ್ವಾಸಕೋಶಕ್ಕೆ ತೂತಾಗಿತ್ತು. ಶರೀರರಚನೆಯನ್ನು ಕಲಿತವರ ಕೈಗೆ ಮಾತ್ರ ಮೈಯನ್ನು ಒಪ್ಪಿಸಬೇಕೆನ್ನುವುದು ಇದಕ್ಕಾಗಿಯೇ. ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು, ತಮ್ಮ ಕಣ್ಣೆದುರೇ ಪೊಟ್ಟಣ ಒಡೆಯಲಿ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ಕಾಮಾಲೆಯಂಥ ರೋಗಗಳು ಹರಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರೂ ಗರ್ಭಿಣಿಯರೂ ಮೊದಲೇ ಅದನ್ನು ತಿಳಿಸಬೇಕು. ನಡೆಯುತ್ತಿರುವ ಔಷಧವನ್ನು ಸೂಜಿಯ ಮೇಲಿನ ಭರವಸೆಯಿಂದ ನಿಲ್ಲಿಸಕೂಡದು. ನಿಲ್ಲಿಸೆಂದು ಹೇಳುವವರಿದ್ದರೆ ಅವರ ಬಾಗಿಲಿನಿಂದಲೇ ಹಿಂದಿರುಗಬೇಕು.

ಇನ್ನು ನನ್ನ ಮಂಡಿ. ಎಂಟು ಸಲ ಹೋಗಿಬಂದೆ. ಸವೆದ ಕೀಲು ಸವೆದೇ ಇದೆ, ಸೂಜಿ ಅದನ್ನು ಮರಳಿ ಬೆಳೆಸಲಾರದು. ಆದರೆ ನೋವು ಅರ್ಧಕ್ಕಿಂತ ಹೆಚ್ಚು ತಗ್ಗಿ, ವ್ಯಾಯಾಮ ಮಾಡುವುದು ಸಾಧ್ಯವಾಯಿತು, ವ್ಯಾಯಾಮದಿಂದ ಕಾಲಿಗೆ ಬಲ ಬಂದಿತು. ಇದರಲ್ಲಿ ಸೂಜಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ಅರ್ಧಗಂಟೆ ಎಲ್ಲ ಚಿಂತೆ ಬಿಟ್ಟು ಮಲಗಿದ್ದರ ಪಾಲೆಷ್ಟು, ಒಬ್ಬ ಮನುಷ್ಯ ನನ್ನ ನೋವಿನ ಕಥೆಯನ್ನು ಕಿವಿಗೊಟ್ಟು ಕೇಳಿದ್ದರ ಪಾಲೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ನನ್ನಲ್ಲಿಲ್ಲ. ಜರ್ಮನಿಯವರ ಆ ಮೂರು ಅಂಕೆಗಳು ನೆನಪಾದಾಗ ಎಲ್ಲಕ್ಕೂ ಪಾಲಿದೆಯೆಂದೇ ತೋರುತ್ತದೆ.

ಮಂಡಿಯ ಕೆಳಗೆ ನಾಲ್ಕು ಬೆರಳಗಲ ಬಿಟ್ಟು, ಹೊರಮಗ್ಗುಲಿಗೆ ಒಂದು ಬಿಂದುವಿದೆ. ಅದರ ಹೆಸರಿನಲ್ಲಿ ಮೂರು ಲೀ ಎಂಬ ಮಾತು ಸೇರಿದೆ. ಲೀ ಎಂಬುದು ಚೀನೀಯರ ದೂರದ ಅಳತೆ, ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್. ಅಲ್ಲಿ ಸೂಜಿಯಿಟ್ಟರೆ ದಣಿದ ದಾರಿಗ ಇನ್ನೂ ಮೂರು ಲೀ ನಡೆಯಬಲ್ಲ ಎಂದು ಆ ಹೆಸರಿಗೆ ಜನ ಅರ್ಥ ಹೇಳುತ್ತಾರಂತೆ. ಮೂರು ಲೀ ಎಂದರೆ ಬಹಳ ದೂರವೇನಲ್ಲ, ಒಂದೂವರೆ ಕಿಲೋಮೀಟರ್. ನಮ್ಮ ಮನೆಯಿಂದ ಅಕ್ಕನ ಮನೆಗೂ ಹೆಚ್ಚುಕಡಿಮೆ ಅಷ್ಟೇ ದೂರ. ಈಗ ಸಂಜೆ ಅಲ್ಲಿಗೆ ನಡೆದೇ ಹೋಗಿ ಬರುತ್ತೇನೆ. ಅಕ್ಕ ಬಾಗಿದ ಬೆನ್ನಿನಲ್ಲಿಯೇ ಬಂದು ಬಾಗಿಲು ತೆರೆದು, “ಮಂಡಿ ಹೇಗಿದೆಯೋ?” ಎಂದು ಕೇಳುತ್ತಾಳೆ. ಸೂಜಿಯ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಆದ್ದರಿಂದ ಕೇಳುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಸೂಜಿಗೆ ಹೆದರಬೇಡಿ, ಅದನ್ನು ಪೂಜಿಸಲೂ ಬೇಡಿ. ನೋವು ಬಂದಾಗ ಅದು ಏನು ಹೇಳಲು ಬಂದಿದೆಯೆಂದು ಮೊದಲು ಬಲ್ಲವರಿಂದ ಕೇಳಿ ತಿಳಿಯಿರಿ. ತಿಳಿದ ಮೇಲೆ, ಬೇಕೆನಿಸಿದರೆ, ಸೂಜಿಯ ಮೊರೆ ಹೋಗಿ.